ರಾಡ್ ಮೇಲಿನ ಅರಿಶಿನ ದಾರ ಮಾಸದಂತೆ ಉಳಿಸಿದ್ದು ಹೀಗೆ

ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ರಜೆ ಸಿಕ್ಕಾಗಲೆಲ್ಲ ಉಡುಪಿಗೆ ಬರುತ್ತಾನೆ. ಇಬ್ಬರೂ ಕಾಪು ಲೈಟ್‌ಹೌಸ್ ಹತ್ತಿರದ ಬಂಡೆಗಳ ಮೇಲೆ ನಿಂತು ಗಾಳ ಹಾಕುತ್ತೇವೆ. ಒಮ್ಮೆ ಅವನು, "ನನಗೂ ಒಂದು ಗಾಳದ ರಾಡ್ ಕಟ್ಟಿಕೊಡು ಗುರು, ಹಿಡಿಯ ಮೇಲಿನ ಸುತ್ತು ಮಾತ್ರ ಕನ್ನಡ ಬಾವುಟದ ಬಣ್ಣದಲ್ಲಿರಲಿ" ಎಂದ. ಅರಿಶಿನ ಮತ್ತು ಕುಂಕುಮ, ಎರಡೇ ಬಣ್ಣ. ನಾಲ್ಕು ಸಂಜೆ ಕೂತು ಸುತ್ತಿದೆ. ಕಪ್ಪು ಕಾರ್ಬನ್ ಬ್ಲ್ಯಾಂಕ್, ಅಂದರೆ ರಾಡ್‌ನ ಬರಿ ಕೋಲಿನ ಮೇಲೆ ಹಳದಿ ನೈಲಾನ್ ದಾರ ಹೊಳೆಯುತ್ತಿತ್ತು. ಮೊಬೈಲ್‌ನಲ್ಲಿ ಫೋಟೊ ಕಳಿಸಿದೆ, ಅವನಿಗೂ ಖುಷಿಯಾಯಿತು.

ಮರುದಿನ ಸುತ್ತಿನ ಮೇಲೆ ಎಪಾಕ್ಸಿ ಹಚ್ಚಿದೆ, ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಪಾರದರ್ಶಕ ಅಂಟು ಅದು. ಬ್ರಷ್ ಹೋದಲ್ಲೆಲ್ಲ ಬಣ್ಣ ಮುಳುಗುತ್ತಾ ಹೋಯಿತು. ಹಳದಿ ಕೆಸರು ನೀರಿನಂತಾಯಿತು. ಕೆಂಪು ಒಣಗಿದ ಪುನರ್ಪುಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಒಣಗಿದರೆ ಸರಿಹೋಗಬಹುದು ಅಂದುಕೊಂಡೆ. ಸರಿಹೋಗಲಿಲ್ಲ. ಗೆಳೆಯ ಬಂದು ನೋಡಿ, ನನ್ನ ಮನಸ್ಸಿಗೆ ನೋವಾಗಬಾರದೆಂದು ಮೆಲ್ಲಗೆ ಕೇಳಿದ: "ಅರಿಶಿನ ಎಲ್ಲಿ ಹೋಯ್ತು?"

ಅರಿಶಿನ ಎಲ್ಲಿ ಹೋಯಿತು ಎಂಬ ಆ ಪ್ರಶ್ನೆಯ ಹಿಂದೆ ನಾನು ಎರಡು ಮಳೆಗಾಲ ಕಳೆದಿದ್ದೇನೆ. ರಾಡ್ ಕಟ್ಟಲು ಹೊರಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಗೋಳಿಬಜೆ ಕಟ್ಟಿದ ಕಾಗದ ನೋಡಿದ್ದೀರಲ್ವಾ? ಎಣ್ಣೆ ಹೀರಿದ ಜಾಗದಲ್ಲಿ ಆಚೆ ಬದಿಯ ಅಕ್ಷರ ಕಾಣಿಸುತ್ತದೆ. ಕಾಗದದ ನಾರುಗಳ ನಡುವೆ ಗಾಳಿ ಇರುವವರೆಗೆ ಬೆಳಕು ಅಲ್ಲಿ ಚದುರಿ ವಾಪಸ್ ಬರುತ್ತದೆ, ಅದಕ್ಕೇ ಕಾಗದ ಬಿಳಿಯಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಬೆಳಕು ಚದುರದೆ ನೇರವಾಗಿ ಒಳಗೆ ಹೋಗುತ್ತದೆ. ರಾಡ್ ದಾರವೂ ಹಾಗೇ. ಅದು ಬಹಳ ಸಣ್ಣ ಎಳೆಗಳ ಹುರಿ, ಎಳೆಗಳ ಮಧ್ಯೆ ಗಾಳಿ ಇರುತ್ತದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ನೈಲಾನ್ ಮತ್ತು ಎಪಾಕ್ಸಿ ಎರಡಕ್ಕೂ 1.5ರ ಆಸುಪಾಸಿನಲ್ಲಿದೆ, ಗಾಳಿಯದು 1. ಎಪಾಕ್ಸಿ ಎಳೆಗಳ ನಡುವೆ ಇಳಿದ ಕೂಡಲೇ ಬೆಳಕಿಗೆ ದಾರ ಯಾವುದು, ಎಪಾಕ್ಸಿ ಯಾವುದು ಎಂಬ ವ್ಯತ್ಯಾಸವೇ ಸಿಗುವುದಿಲ್ಲ. ದಾರ ಬಣ್ಣದ ಗಾಜಿನಂತಾಗಿ ಕೆಳಗಿನ ಕಪ್ಪು ಬ್ಲ್ಯಾಂಕ್ ಮೇಲೆದ್ದು ಕಾಣುತ್ತದೆ. ಬಿಳಿ ದಾರವಂತೂ ಹೆಚ್ಚುಕಡಿಮೆ ಮಾಯವೇ ಆಗುತ್ತದೆ.

ಇದನ್ನೇ ಬೇಕು ಅಂತ ಮಾಡುವವರೂ ಇದ್ದಾರೆ. ಹಳೆಯ ಬಿದಿರಿನ ಫ್ಲೈ ರಾಡ್‌ಗಳಲ್ಲಿ ರೇಷ್ಮೆ ದಾರ ಸುತ್ತಿ ವಾರ್ನಿಶ್ ಕುಡಿಸುತ್ತಿದ್ದರು. ದಾರ ಪಾರದರ್ಶಕವಾಗಿ ಕೆಳಗಿನ ಬಿದಿರಿನ ಹೊಂಬಣ್ಣ ಕಾಣುತ್ತಿತ್ತು. ತುಂಬಾ ಚಂದ ಅದು. ಆದರೆ ಅಲ್ಲಿ ಕೆಳಗಿರುವುದು ಬಿದಿರು. ಕಪ್ಪು ಕಾರ್ಬನ್ ಮೇಲೆ ಆ ಚಂದ ಬರುವುದಿಲ್ಲ.

ಹಾಗಾದರೆ ಉಪಾಯ ಏನು? ಎಪಾಕ್ಸಿಗಿಂತ ಮೊದಲು ದಾರವನ್ನು ಮುಚ್ಚಬೇಕು. ಇದಕ್ಕೆಂದೇ ಸಿಗುವ ದ್ರವಕ್ಕೆ ಕಲರ್ ಪ್ರಿಸರ್ವರ್ ಅನ್ನುತ್ತಾರೆ, ರಾಡ್ ಕಟ್ಟುವವರ ಬಾಯಲ್ಲಿ ಸಿಪಿ. ಅದು ಎಳೆಗಳಿಗೆ ಅಂಟಿ ಒಣಗಿ, ಎಪಾಕ್ಸಿ ಒಳಗಿಳಿಯದಂತೆ ತಡೆಯುತ್ತದೆ. ನೀರಿನಲ್ಲಿ ಬೆರೆತಿರುವ ಅಕ್ರಿಲಿಕ್ ಬಗೆ ಒಂದು. ಬಾಟಲಿಯಲ್ಲಿ ಹಾಲಿನಂತಿರುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಲ್ಯಾಕರ್ ಬಗೆ ಇನ್ನೊಂದು. ಅದು ಬೇಗ ಒಣಗುತ್ತದೆ, ಆದರೆ ವಾಸನೆ ಜಾಸ್ತಿ. ಮನೆಯೊಳಗೆ ಕೆಲಸ ಮಾಡುವುದರಿಂದ ನಾನು ನೀರಿನ ಬಗೆಯನ್ನೇ ಬಳಸುತ್ತೇನೆ. ಸಿಪಿ ಬೇಡವೇ ಬೇಡ ಎನ್ನುವವರಿಗೆ ಎನ್‌ಸಿಪಿ ಎಂಬ ದಾರ ಬರುತ್ತದೆ. ಅದನ್ನು ತಯಾರಿಸುವಾಗಲೇ ಬೆಳಕು ದಾಟದಂತೆ ಮಾಡಿರುತ್ತಾರೆ. ಬಣ್ಣ ಉಳಿಯುತ್ತದೆ, ಆದರೆ ಸ್ವಲ್ಪ ಪೇಂಟ್ ಬಳಿದ ಹಾಗೆ ಸಪ್ಪೆ. ಮಾಮೂಲಿ ನೈಲಾನ್‌ಗೆ ಸಿಪಿ ಕೊಟ್ಟಾಗ ಬರುವ ರೇಷ್ಮೆಯಂಥ ಮಿನುಗು ಇದರಲ್ಲಿ ಇಲ್ಲ.

ಈಗ ನಾನು ದಾರ ಆರಿಸುವಾಗಲೇ ಒಂದು ಪರೀಕ್ಷೆ ಮಾಡುತ್ತೇನೆ. ಮುರಿದ ರಾಡ್‌ನ ತುಂಡೊಂದನ್ನು ಇಟ್ಟುಕೊಂಡಿದ್ದೇನೆ. ಅದರ ಮೇಲೆ ಅರ್ಧ ಇಂಚು ದಾರ ಸುತ್ತಿ, ಹತ್ತಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಚ್ಚುತ್ತೇನೆ. ಒದ್ದೆಯಾದಾಗ ಕಾಣುವ ಬಣ್ಣವೇ ಸಿಪಿ ಇಲ್ಲದೆ ಎಪಾಕ್ಸಿ ಹಚ್ಚಿದರೆ ಬರುವ ಬಣ್ಣ, ಸುಮಾರಾಗಿ. ಆಲ್ಕೋಹಾಲ್ ಆರಿದರೆ ದಾರ ಮೊದಲಿನಂತಾಗುತ್ತದೆ, ನಷ್ಟವಿಲ್ಲ. ಇದು ಮೊದಲೇ ಗೊತ್ತಿದ್ದರೆ ಗೆಳೆಯನ ರಾಡ್ ಕೆಡುತ್ತಿರಲಿಲ್ಲ.

ಸಿಪಿ ಹಚ್ಚುವ ಮೊದಲು ಕೈ ಸೋಪಿನಲ್ಲಿ ತೊಳೆಯಲೇಬೇಕು. ನಮ್ಮ ಕಡೆ ತಲೆಗೆ ತೆಂಗಿನೆಣ್ಣೆ ಹಚ್ಚುವವರು ಜಾಸ್ತಿ. ಸುಮ್ನೆ ಕೂದಲು ಸರಿಮಾಡಿಕೊಂಡು ಅದೇ ಕೈಯಲ್ಲಿ ದಾರ ಮುಟ್ಟಿದರೆ ಸಾಕು. ಎಣ್ಣೆ ತಾಗಿದ ಕಡೆ ನೀರಿನ ಸಿಪಿ ಇಳಿಯುವುದಿಲ್ಲ. ಆಮೇಲೆ ಅಲ್ಲಿ ಎಪಾಕ್ಸಿ ನುಗ್ಗಿ ಕಪ್ಪು ಮಚ್ಚೆಯಾಗುತ್ತದೆ. ಸುತ್ತಿನ ನಡುವಿನ ಸಂದುಗಳನ್ನು ಪೆನ್ನಿನ ನುಣುಪಾದ ಕ್ಯಾಪಿನಿಂದ ಉಜ್ಜಿ ಕೂಡಿಸುತ್ತೇನೆ. ಎದ್ದ ನಾರುಗಳನ್ನು ಸ್ಪಿರಿಟ್ ದೀಪದ ಪಕ್ಕ ಒಂದೇ ಸಲ ಬೇಗ ಹಾಯಿಸಿ ಸುಡುತ್ತೇನೆ. ಮೇಣದ ಬತ್ತಿ ಬೇಡ, ಮಸಿ ಹಿಡಿಯುತ್ತದೆ. ಹಳದಿ ದಾರದ ಮೇಲಿನ ಮಸಿ ಮತ್ತೆ ಹೋಗುವುದಿಲ್ಲ.

ಸಿಪಿ ಬಾಟಲಿಯನ್ನು ಕುಲುಕಬಾರದು, ಗುಳ್ಳೆ ಬರುತ್ತದೆ. ಮೆಲ್ಲಗೆ ತಿರುಗಿಸಿದರೆ ಸಾಕು. ನಾನು ಮೊದಮೊದಲು ಉಗುರಿಗೆ ಬಣ್ಣ ಹಚ್ಚಿದ ಹಾಗೆ ತೆಳ್ಳಗೆ ಹಚ್ಚುತ್ತಿದ್ದೆ. ಅದು ದೊಡ್ಡ ತಪ್ಪು. ಸಿಪಿ ಮೇಲ್ಪದರವಾಗಿ ಕೂರುವ ವಸ್ತು ಅಲ್ಲ, ದಾರದ ಬುಡದವರೆಗೆ ಇಳಿಯಬೇಕು. ಹಾಗಾಗಿ ಧಾರಾಳವಾಗಿ ಹಚ್ಚಿ, ರಾಡ್ ತಿರುಗಿಸುತ್ತಾ ಒಂದೆರಡು ನಿಮಿಷ ದಾರಕ್ಕೆ ಕುಡಿಯಲು ಬಿಡುತ್ತೇನೆ. ಕುಡಿದು ಮಿಕ್ಕಿದ್ದನ್ನು ಒಣ ಬ್ರಷ್‌ನಲ್ಲಿ ಎತ್ತಿ ತೆಗೆಯುತ್ತೇನೆ. ಸುತ್ತಿನ ಅಂಚು ದಾಟಿ ಬ್ಲ್ಯಾಂಕ್ ಮೇಲೆ ಹರಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಯಾಕೆಂದರೆ ಎಪಾಕ್ಸಿ ಅಂಚಿನಾಚೆ ಕೂದಲೆಳೆಯಷ್ಟಾದರೂ ಬರಿ ಬ್ಲ್ಯಾಂಕನ್ನು ಹಿಡಿದುಕೊಳ್ಳಬೇಕು.

ಸಿಪಿ ಒದ್ದೆ ಇರುವಾಗಲೂ ದಾರ ಕಪ್ಪಾಗಿಯೇ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ. ನೀರು ಆರಿದಂತೆ ಬಣ್ಣ ಮೆಲ್ಲಗೆ ವಾಪಸ್ ಬರುತ್ತದೆ. ಈ ವಾಪಸ್ ಬರುವುದನ್ನೇ ನಾನು ಗುರುತಾಗಿ ಇಟ್ಟುಕೊಂಡಿದ್ದೇನೆ. ಎಲ್ಲಿ ಇನ್ನೂ ಕಪ್ಪಿದೆಯೋ ಅಲ್ಲಿ ನೀರಿದೆ. ಪೂರ್ತಿ ದಾರದ ಉಂಡೆಯ ಬಣ್ಣಕ್ಕೆ ಬಂದ ಮೇಲೆ ಎರಡನೇ ಸಲ, ಅದು ಒಣಗಿದ ಮೇಲೆ ಮೂರನೇ ಸಲ. ತಿಳಿ ಬಣ್ಣಗಳಿಗೆ ಮೂರು ಸಲ ಬೇಕೇ ಬೇಕು. ಕಡು ನೀಲಿ, ಕಡು ಹಸಿರಿಗೆ ಎರಡು ಸಾಕಾಗುತ್ತದೆ. ಕಪ್ಪು ದಾರಕ್ಕೆ ಏನೂ ಬೇಡ, ಅದು ಹೇಗಿದ್ದರೂ ಕಪ್ಪೇ.

ಇನ್ನು ಒಣಗಿಸುವ ಮಾತು. ನನಗೆ ಅತಿ ಹೆಚ್ಚು ತೊಂದರೆ ಆಗಿದ್ದು ಇಲ್ಲಿ. ಸಾಮಾನ್ಯವಾಗಿ ಕೊನೆಯ ಸಿಪಿ ಆದ ಮೇಲೆ 24 ಗಂಟೆ ಬಿಟ್ಟು ಎಪಾಕ್ಸಿ ಹಚ್ಚಿ ಎನ್ನುತ್ತಾರೆ. ನಮ್ಮ ಕರಾವಳಿಯ ಜುಲೈನಲ್ಲಿ ಆ 24 ಗಂಟೆಗೆ ಅರ್ಥವೇ ಇಲ್ಲ. ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಒಣಗದ ಊರು ಇದು. ಆದರೆ ರಾಡ್ ಕಟ್ಟಲು ಬಿಡುವು ಸಿಗುವುದೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮಲ್ಪೆ ಬಂದರು ತುಂಬಾ ನಿಂತ ಬೋಟುಗಳು. ಕಡಲು ಕುದಿಯುತ್ತಿರುವಾಗ ಬಂಡೆಯ ಮೇಲೆ ನಾವೂ ನಿಲ್ಲುವುದಿಲ್ಲ. ಮನೆಯಲ್ಲಿ ಕೂತು ದಾರ ಸುತ್ತುತ್ತೇವೆ.

ಹಾಗೆ ಒಂದು ಜುಲೈನಲ್ಲಿ ಮರುದಿನವೇ ಎಪಾಕ್ಸಿ ಹಚ್ಚಿದೆ. ಮೇಲೆ ಒಣಗಿತ್ತು, ಬುಡದಲ್ಲಿ ನೀರಿತ್ತು. ಮುಚ್ಚಿದ ಎಪಾಕ್ಸಿಯ ಕೆಳಗೆ ಅದು ಮಂಜಿನಂತೆ ಬೆಳ್ಳಗೆ ನಿಂತುಬಿಟ್ಟಿತು. ಬಿಸಿ ಮಾಡಿದರೂ ಹೋಗಲಿಲ್ಲ. ಇಡೀ ಸುತ್ತು ಕಿತ್ತು ಹಾಕಬೇಕಾಯಿತು.

ಆಮೇಲೆ ಒಂದು ಪೆಟ್ಟಿಗೆ ಮಾಡಿಕೊಂಡೆ. ಉದ್ದನೆಯ ಮರದ ಪೆಟ್ಟಿಗೆ, ಒಳಗೆ ಒಂದು ಮೂಲೆಯಲ್ಲಿ 40 ವಾಟ್‌ನ ಹಳೆಯ ಬಗೆಯ ಬಲ್ಬು, ಮೇಲೆ ಎರಡು ತೂತು. ಎಲ್‌ಇಡಿ ನಡೆಯುವುದಿಲ್ಲ, ಬೇಕಾದ ಬಿಸಿ ಬರುವುದಿಲ್ಲ. ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನು ಒಳಗಿಟ್ಟಿದ್ದೇನೆ. ಹೊರಗೆ ಶೇಕಡಾ 90 ಇದ್ದಾಗ ಒಳಗೆ 55ರ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಸಿಪಿ ಹಚ್ಚಿದ ರಾಡ್ ಅದರೊಳಗೆ ಮೂರು ದಿನ ಇರುತ್ತದೆ. ಲ್ಯಾಕರ್ ಬಗೆಯ ಸಿಪಿ ಬಳಸುವವರು ಮಾತ್ರ ಈ ಪೆಟ್ಟಿಗೆಯನ್ನು ಖಂಡಿತ ಬಳಸಬೇಡಿ. ಅದರ ಆವಿಗೆ ಬೆಂಕಿ ಹಿಡಿಯುತ್ತದೆ, ಬಲ್ಬಿನ ಹತ್ತಿರ ಅದು ಇರಲೇಬಾರದು.

ಎಪಾಕ್ಸಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಎರಡು ಭಾಗ ಸರಿಸಮ ಬೆರೆಸುವ ರಾಡ್ ಎಪಾಕ್ಸಿ ಆದರೆ ಒಂದೊಂದಕ್ಕೂ ಬೇರೆ ಸಿರಿಂಜ್, ತಲಾ 3 ಮಿಲಿಲೀಟರ್‌ಗಿಂತ ಕಡಿಮೆ ಅಳೆಯುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ರಬ್ಬರ್ ತುದಿಯ ಸಿರಿಂಜ್‌ಗಳಲ್ಲಿ ಸಿಲಿಕೋನ್ ಸವರಿರುತ್ತದೆ. ಅದು ಬೆರೆತರೆ ಎಪಾಕ್ಸಿ ಅಲ್ಲಲ್ಲಿ ಕಣ್ಣು ಬಿಟ್ಟಂತೆ ಸರಿಯುತ್ತದೆ. ಪೂರ್ತಿ ಪ್ಲಾಸ್ಟಿಕ್‌ನದ್ದೇ ತನ್ನಿ. ಮೂರು ನಿಮಿಷ ಮೆಲ್ಲಗೆ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿದರೆ ಗುಳ್ಳೆ ತಾನಾಗಿ ಬಿಡುತ್ತದೆ. ರಾಡ್ ತಿರುಗಿಸಲು ನಾನು ಹಾಳಾದ ಮೈಕ್ರೋವೇವ್ ಓವನ್‌ನ ತಟ್ಟೆ ತಿರುಗಿಸುವ ಮೋಟಾರ್ ಬಳಸುತ್ತೇನೆ. ನಿಮಿಷಕ್ಕೆ ಐದಾರು ಸುತ್ತು, ಅಷ್ಟೇ ಬೇಕಾದದ್ದು.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ಸಿಪಿಯ ರುಚಿ ಹತ್ತಿದ ಮೇಲೆ ನನ್ನದೇ ರಾಡ್‌ಗೆ ಎಲ್ಲ ಕಡೆ ಸಿಪಿ ಕೊಟ್ಟೆ, ಗಾಳದ ದಾರ ಹಾಯುವ ಉಂಗುರಗಳನ್ನು, ಅಂದರೆ ಗೈಡ್‌ಗಳನ್ನು ಕಟ್ಟಿದ ಸುತ್ತುಗಳಿಗೂ. ಒಂದು ತಿಂಗಳು ಚೆನ್ನಾಗಿತ್ತು. ಒಂದು ಸಂಜೆ ಒಳ್ಳೆ ಕೆಂಬೇರಿ ಕಚ್ಚಿ ಬಂಡೆ ಸಂದಿಗೆ ಎಳೆಯಿತು. ರಾಡ್ ಬಾಗಿದಾಗ ಕಿರ್ ಕಿರ್ ಸದ್ದು. ಮನೆಗೆ ಬಂದು ನೋಡಿದರೆ ಬುಡದ ಗೈಡ್ ಸಡಿಲ. ಎಪಾಕ್ಸಿ ಮತ್ತು ದಾರ ಸೇರಿ ಬಳೆಯಂತೆ ಒಂದೇ ತುಂಡಾಗಿ ಅಲುಗುತ್ತಿತ್ತು. ಸಿಪಿ ತಡೆಯುವುದು ಬಣ್ಣ ಮುಳುಗುವುದನ್ನು ಮಾತ್ರವಲ್ಲ. ಎಪಾಕ್ಸಿ ದಾರದ ಮೂಲಕ ಇಳಿದು ಗೈಡ್‌ನ ಕಾಲು ಮತ್ತು ಬ್ಲ್ಯಾಂಕ್ ಎರಡನ್ನೂ ಹಿಡಿದುಕೊಳ್ಳುವುದನ್ನೂ ತಡೆಯುತ್ತದೆ. ಗೈಡ್‌ನ ಕಾಲಿನ ಅಕ್ಕಪಕ್ಕ ಸಣ್ಣ ಸುರಂಗದಂಥ ಖಾಲಿ ಜಾಗ ಇರುತ್ತದಲ್ಲ, ಅದಕ್ಕೂ ಎಪಾಕ್ಸಿ ತುಂಬುವುದಿಲ್ಲ. ಅಲ್ಲಿ ಉಪ್ಪು ನೀರು ಸೇರಿ ಕಾಲು ತುಕ್ಕು ಹಿಡಿಯುತ್ತದೆ.

ಅಂದಿನಿಂದ ಭಾರ ಹೊರುವ ಸುತ್ತಿಗೆ ಸಿಪಿ ಮುಟ್ಟಿಸಿಲ್ಲ. ಗೈಡ್‌ಗಳಿಗೆ ಕಪ್ಪು ನೈಲಾನ್ ಅಥವಾ ಎನ್‌ಸಿಪಿ ದಾರ. ಹಿಡಿಯ ಮೇಲಿನ ಅಲಂಕಾರ, ಡೈಮಂಡ್ ಸುತ್ತು, ಹೆಸರು ಬರೆಯುವ ಜಾಗ, ಇಲ್ಲೆಲ್ಲ ಮಾಮೂಲಿ ನೈಲಾನ್ ಮತ್ತು ಸಿಪಿ. ಸಿಪಿ ಕೊಟ್ಟೂ ಗೈಡ್ ಗಟ್ಟಿ ನಿಲ್ಲಿಸುವವರು ಇದ್ದಾರೆ, ನಾನು ಅವರ ಕೆಲಸವನ್ನು ಕಡೆಗಣಿಸುವುದಿಲ್ಲ. ಆದರೆ ಬಂಡೆ ಮೇಲೆ ನಿಂತು ದೊಡ್ಡ ಮೀನಿಗೆ ಗಾಳ ಹಾಕುವವರಿಗೆ ನಾನು ಕೊಡುವ ಸಲಹೆ ಇದೇ.

ಊರಲ್ಲಿ ಸಿಗುವ ದಾರದ ಬಗ್ಗೆ ಹಲವರು ಕೇಳುತ್ತಾರೆ. ನನ್ನ ಅತ್ತಿಗೆ ಸೀರೆಗೆ ಕುಚ್ಚು ಹಾಕುತ್ತಾರೆ. ಅವರ ಪೆಟ್ಟಿಗೆಯಲ್ಲಿರುವ ಬಣ್ಣಗಳು ಯಾವ ರಾಡ್ ದಾರಕ್ಕೂ ಸಿಗುವುದಿಲ್ಲ. ಒಂದಿಷ್ಟು ಕೇಳಿ ತಂದೆ. ಕುಚ್ಚಿಗೆ ರೇಷ್ಮೆ ದಾರ ಅಂತ ಮಾರುವುದರಲ್ಲಿ ಬಹಳಷ್ಟು ರೇಯಾನ್. ಎಪಾಕ್ಸಿ ತಾಗಿದರೆ ಅದೂ ನೈಲಾನ್ ಹಾಗೆ ಮುಳುಗಿತು, ಸಿಪಿ ಕೊಟ್ಟಾಗ ಬಹಳ ಚೆನ್ನಾಗಿ ನಿಂತಿತು. ಆದರೆ ಹುರಿ ಸಡಿಲ, ನಾರು ಏಳುತ್ತದೆ, ಒದ್ದೆಯಾದರೆ ರೇಯಾನ್‌ನ ಬಲ ಕಡಿಮೆಯಾಗುತ್ತದೆ. ಹಾಗಾಗಿ ಅಲಂಕಾರಕ್ಕೆ ಮಾತ್ರ. ಜರಿ ದಾರಕ್ಕೆ ಸಿಪಿ ಬೇಡ. ಅದರ ಹೊಳಪು ಲೋಹದ ಪದರದಿಂದ ಬರುವುದು, ಎಪಾಕ್ಸಿ ಅದನ್ನು ಮುಳುಗಿಸುವುದಿಲ್ಲ. ಅರಿಶಿನ-ಕುಂಕುಮದ ನಡುವೆ ಒಂದೇ ಗೆರೆ ಜರಿ ಕೊಟ್ಟು ನೋಡಿ, ಸೀರೆಯ ಅಂಚು ನೆನಪಾಗುತ್ತದೆ.

ಬಿಸಿಲು ಮಾತ್ರ ಸಿಪಿಯ ಕೈಯಲ್ಲಿಲ್ಲ. ಅತಿನೇರಳೆ ಕಿರಣಕ್ಕೆ ದಾರದ ಬಣ್ಣ ಮಾಸುತ್ತದೆ, ಎಪಾಕ್ಸಿಯೂ ಹಳದಿಯಾಗುತ್ತದೆ. ಬಿಳಿ ಸುತ್ತಿನಲ್ಲಿ ಇದು ಮೊದಲು ಗೊತ್ತಾಗುತ್ತದೆ. ನನ್ನ ಒಂದು ರಾಡ್‌ನ ಬಿಳಿ ಪಟ್ಟಿ ಎರಡು ವರ್ಷದಲ್ಲಿ ಕೆನೆ ಬಣ್ಣಕ್ಕೆ ಬಂತು. ರಾಡ್‌ಗಳಿಗೆ ಬಟ್ಟೆಯ ಚೀಲ ಹೊಲಿಸಿದ್ದೇನೆ. ಕಾರಿನ ಹಿಂದಿನ ಗಾಜಿನ ಕೆಳಗೆ ಇಡುವ ಅಭ್ಯಾಸ ಬಿಟ್ಟಿದ್ದೇನೆ.

ಗೆಳೆಯನ ಆ ಹಳೆಯ ಸುತ್ತನ್ನು ಕಳೆದ ತಿಂಗಳು ಕಿತ್ತೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಮೇಲಿನ ಎಪಾಕ್ಸಿಯನ್ನು ಮಾತ್ರ ಬ್ಲೇಡ್‌ನಲ್ಲಿ ತೆಳ್ಳಗೆ ಕೆರೆದು, ದಾರವನ್ನು ಬೆರಳಲ್ಲೇ ಬಿಚ್ಚಿದೆ. ಬ್ಲೇಡ್ ಬ್ಲ್ಯಾಂಕ್‌ಗೆ ತಾಗಿದರೆ ಕಾರ್ಬನ್ ನಾರು ಕತ್ತರಿಸಿ ರಾಡ್ ಅಲ್ಲೇ ಮುರಿಯುತ್ತದೆ, ಹಾಗಾಗಿ ಮೂರು ಗಂಟೆ ಹಿಡಿಯಿತು. ಮತ್ತೆ ಅರಿಶಿನ ಸುತ್ತಿದೆ, ಮತ್ತೆ ಕುಂಕುಮ. ಮೂರನೇ ಸಿಪಿ ಆಗಿ ಇಂದಿಗೆ ಎರಡು ದಿನ. ಬೆಳಿಗ್ಗೆ ಪೆಟ್ಟಿಗೆ ತೆರೆದು ನೋಡಿದೆ. ಕೆಂಪಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಜಾಗ ಇನ್ನೂ ಕಪ್ಪಾಗಿದೆ. ಮುಚ್ಚಳ ಹಾಕಿ ಬಲ್ಬು ಹಾಗೇ ಉರಿಯಲು ಬಿಟ್ಟಿದ್ದೇನೆ.