ಪತ್ತೇದಾರನನ್ನು ಕೈಬಿಟ್ಟು ಬರೆದ ಕತೆಗಳು: ನನ್ನ ಅನುಭವ

ಪತ್ತೇದಾರಿ ಕಾದಂಬರಿಗೆ ಓದುಗರಿದ್ದಾರೆ, ಆದರೆ ಅದೇ ಲೇಖಕನ ಕರಾಳ ಸಣ್ಣಕತೆಗಳ ಸಂಕಲನವನ್ನು ಯಾರೂ ಕೊಳ್ಳುವುದಿಲ್ಲ ಎಂದು ನಾನು ಕೇಳಿದ ಪ್ರಕಾಶಕರೆಲ್ಲರೂ ಹೇಳಿದ್ದರು. ‘ಇನ್‌ಸ್ಪೆಕ್ಟರ್ ಇಲ್ಲದ ನಿಮ್ಮ ಕತೆಯನ್ನು ಯಾರು ಓದುತ್ತಾರೆ ಸ್ವಾಮಿ?’ ಎಂದು ಅವರಲ್ಲೊಬ್ಬರು ನಕ್ಕಿದ್ದೂ ಉಂಟು. ಪತ್ತೇದಾರಿ ಕಾದಂಬರಿಕಾರನಾದ ನಾನು ಆದರೂ ಅಂಥ ಹನ್ನೊಂದು ಕತೆಗಳ ಸಂಕಲನವನ್ನು ತಂದೆ. ಅದಕ್ಕೆ ನಾನೇ ಹಣ ಹಾಕಿ ಮಾಡಿಸಿದ 500 ಪ್ರತಿಗಳ ಮೊದಲ ಮುದ್ರಣ ವರ್ಷ ತುಂಬುವ ಮೊದಲೇ ಮುಗಿದಿರುವುದರಿಂದ, ಅದನ್ನು ಹೇಗೆ ಮಾಡಿದೆನೆಂದು ಬರೆಯಲು ಈಗ ಸಂಕೋಚವಿಲ್ಲ.

ಮೊದಲಿನ ನಾಲ್ಕೈದು ಕತೆಗಳು ಕೆಟ್ಟವು. ಕಾದಂಬರಿಗೆಂದು ಹೊಸೆದಿಟ್ಟಿದ್ದ ವಸ್ತುವನ್ನೇ ಸುಮಾರು ಮೂರು ಸಾವಿರ ಪದಗಳಿಗೆ ಇಳಿಸಿದ್ದೆ. ಸುಳಿವು, ಶಂಕಿತರು, ಕೊನೆಯ ತಿರುವು ಎಲ್ಲವೂ ಇದ್ದವು, ಆದರೆ ಶಂಕಿತರ ಪರಿಚಯ ಮುಗಿಯುವಷ್ಟರಲ್ಲಿ ಅರ್ಧ ಕತೆ ಖರ್ಚಾಗಿ, ಉಳಿದರ್ಧದಲ್ಲಿ ಇನ್‌ಸ್ಪೆಕ್ಟರ್ ನಿಂತುಕೊಂಡು ಎಲ್ಲವನ್ನೂ ವಿವರಿಸಬೇಕಾಗುತ್ತಿತ್ತು. ಮಾಸಪತ್ರಿಕೆಯೊಂದು ಎರಡು ಕತೆಗಳನ್ನು ಹಿಂದಿರುಗಿಸಿತು, ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಆಗ ಇನ್‌ಸ್ಪೆಕ್ಟರನನ್ನು ತೆಗೆದುಹಾಕಿ, ಕೊಂದವರು ಯಾರೆಂಬುದನ್ನು ಎರಡನೆಯ ಪ್ಯಾರಾದಲ್ಲೇ ಹೇಳಿಬಿಡಲು ತೀರ್ಮಾನಿಸಿದೆ.

ಹಾಗೆ ಹೇಳಿದ ಮೇಲೆ ಓದುಗರನ್ನು ಹಿಡಿದಿಡುವುದು ಏನು ಎಂದರೆ, ಸಾವಿನ ನಂತರದ ಸರ್ಕಾರಿ ಕ್ರಮ. ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ, ದಾಖಲಾಗುತ್ತದೆ, ಪಂಚರೆಂಬ ಸಾಕ್ಷಿಗಳ ಎದುರು ಶವ ನೋಡಿ ಬರೆಯುವ ಶವ ಮಹಜರು ಆಗುತ್ತದೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಕೊಲೆಗಾರ ಮನೆಯವನೇ ಆಗಿದ್ದರೆ ಅವನೇ ದೂರು ಕೊಡಬೇಕು, ಅವನೇ ಶವ ಗುರುತಿಸಬೇಕು, ಪ್ರತಿ ಮೇಜಿನ ಮುಂದೆಯೂ ಸಹಿ ಹಾಕಬೇಕು. ಸಂಕಲನದ ಹನ್ನೊಂದರಲ್ಲಿ ಏಳು ಕತೆಗಳು ಈ ದಾರಿಯಲ್ಲೇ ನಡೆಯುತ್ತವೆ.

ಹೆಚ್ಚು ಮಂದಿ ಮೆಚ್ಚಿದ ಕತೆಯನ್ನೇ ತೆಗೆದುಕೊಳ್ಳುತ್ತೇನೆ. ವಿಷಪ್ರಾಶನದ ಶಂಕೆಯಿದ್ದಾಗ ಜಠರ, ಕರುಳಿನ ತುಂಡು, ಯಕೃತ್ತು, ಮೂತ್ರಪಿಂಡ ಮೊದಲಾದವುಗಳನ್ನು, ಇನ್ನು ಉಪ್ಪು ಕರಗದು ಎನ್ನುವಷ್ಟು ಗಟ್ಟಿಯಾದ ಉಪ್ಪುನೀರಿನಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವುದು ಪದ್ಧತಿ. ನನ್ನ ಕತೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಉಪ್ಪು ಮುಗಿದಿರುತ್ತದೆ. ತಮ್ಮನಿಗೆ ಕೀಟನಾಶಕ ಕುಡಿಸಿದ ಅಣ್ಣನನ್ನೇ ಶವಾಗಾರದ ನೌಕರ ಅಂಗಡಿಗೆ ಅಟ್ಟುತ್ತಾನೆ. ಅವನು ಎರಡು ಕಿಲೋ ಕಲ್ಲುಪ್ಪು ತಂದು, ಚಿಲ್ಲರೆ ಎಣಿಸಿ ಜೇಬಿಗೆ ಹಾಕಿಕೊಂಡು, ಕಿಟಕಿಯ ಹೊರಗೆ ನಿಲ್ಲುತ್ತಾನೆ. ಒಳಗೆ ಮೇಜಿನ ಮೇಲೆ ಅರಗಿನ ಮೊಹರು ಹಾಕಿದ ಮೂರು ಬಾಟಲಿಗಳಿದ್ದು, ಮೂರನೆಯದರಲ್ಲಿ ಬರಿಯ ನೀರು ಕಾಣುತ್ತದೆ. ಅದೇನೆಂದು ಕೇಳಿದರೆ, ‘ಅದು ನೀವು ತಂದ ಉಪ್ಪೇ ಅಣ್ಣಾ, ಅದನ್ನೂ ಟೆಸ್ಟಿಗೆ ಕಳಿಸ್ತಾರೆ’ ಎಂಬ ಉತ್ತರ ಬರುತ್ತದೆ. ವಿಷ ಉಪ್ಪುನೀರಿನಿಂದಲೇ ಬಂದದ್ದಲ್ಲ ಎಂದು ಖಚಿತಪಡಿಸಲು ಆ ಸಂರಕ್ಷಕ ದ್ರಾವಣದ ಮಾದರಿಯನ್ನು ಪ್ರತ್ಯೇಕವಾಗಿ ಕಳುಹಿಸುವ ಪದ್ಧತಿ ನಿಜವಾಗಿಯೂ ಇದೆ. ಅವನು ಸಿಕ್ಕಿಬಿದ್ದನೇ ಇಲ್ಲವೇ ಎಂದು ನಾನು ಬರೆದಿಲ್ಲ, ಬರೆಯಬೇಕೆಂದು ಅನ್ನಿಸಲೂ ಇಲ್ಲ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಒಂದು ಕತೆಯನ್ನು ‘ಕೆಳಗೆ ಸಹಿ ಮಾಡಿರುವ ಪಂಚರಾದ ನಾವು’ ಎಂದು ಆರಂಭಿಸಿ, ಸದರಿ, ಮೇಲ್ಕಂಡ ಎನ್ನುತ್ತಾ ಪೂರ್ತಿ ಮಹಜರಿನ ಕನ್ನಡದಲ್ಲೇ ಬರೆದೆ. ವಕೀಲ ಮಿತ್ರರು ಕುಣಿದಾಡಿದರು, ಉಳಿದವರು ಎರಡನೆಯ ಪುಟದಲ್ಲಿ ಕೈಚೆಲ್ಲಿದರು. ಇನ್ನೊಂದರಲ್ಲಿ 2024ರ ಜೂನ್ 30ರ ರಾತ್ರಿ ಗಂಡನಿಗೆ ವಿಷ ಬೀಳುತ್ತದೆ, ಸಾವು ಜುಲೈ 2ರಂದು ಆಗುತ್ತದೆ. ಜುಲೈ 1ರಿಂದ ಐಪಿಸಿ ಎಂಬ ಹಳೆಯ ದಂಡಸಂಹಿತೆಯ ಬದಲು ಬಿಎನ್‌ಎಸ್ ಎಂಬ ಹೊಸದು ಜಾರಿಗೆ ಬಂದದ್ದರಿಂದ, ಕೊಲೆಗೆ ಐಪಿಸಿ 302 ಬರೆಯಬೇಕೋ ಬಿಎನ್‌ಎಸ್ 103 ಬರೆಯಬೇಕೋ ಎಂದು ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ತಲೆ ಕೆರೆದುಕೊಳ್ಳುತ್ತಿರುವಾಗ, ಕೊಂದ ಹೆಂಡತಿ ಅವನೆದುರಿನ ಬೆಂಚಿನ ಮೇಲೆ ತಾಳ್ಮೆಯಿಂದ ಕಾಯುತ್ತಾಳೆ. ಸಂಕಲನದಲ್ಲಿ ನಗು ಬರುವ ಕತೆ ಅದೊಂದೇ, ಮತ್ತು ನನ್ನ ಅಭಿಪ್ರಾಯದಲ್ಲಿ ಅತ್ಯಂತ ಕ್ರೂರವಾದದ್ದೂ ಅದೇ.

ಇನ್ನು ಹಣದ ಮಾತು. ಪುಸ್ತಕದ ಅಳತೆ ಡೆಮಿ 1/8, ಹದಿನಾರು ಪುಟಗಳ ಒಂಬತ್ತು ಫಾರಂ, ಅಂದರೆ 144 ಪುಟ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಎಂಬ ಮುದ್ರಣ ಕಾಗದ. ಮುದ್ರಣಕ್ಕೂ ಬೈಂಡಿಂಗಿಗೂ ಸೇರಿ 38 ಸಾವಿರದ ಆಸುಪಾಸು, ಮುಖಪುಟ ಮತ್ತು ಕರಡು ತಿದ್ದಿಸಿದ್ದಕ್ಕೆ ಹತ್ತು ಸಾವಿರದಷ್ಟು ಆಯಿತು. ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್‌ಗೆ ಖರ್ಚಿಲ್ಲ. ಬೆಲೆ 170 ಇಟ್ಟೆ. ಪುಸ್ತಕ ಮಳಿಗೆಗಳ ಮೂಲಕ ಹೋದ ನೂರೈವತ್ತು ಪ್ರತಿಗಳಿಗೆ ಶೇಕಡಾ 40 ಕಮಿಷನ್ ಕಳೆದು ಉಳಿದದ್ದು ಸುಮಾರು ಹದಿನೈದು ಸಾವಿರ, ಅದರಲ್ಲೂ ಒಂದು ಮಳಿಗೆಯ ಬಾಕಿ ಇನ್ನೂ ಬಂದಿಲ್ಲ. ನನ್ನನ್ನು ಉಳಿಸಿದ್ದು ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಪಡೆದು, ಯುಪಿಐ ಮೂಲಕ ಹಣ ತೆಗೆದುಕೊಂಡು, ನಾನೇ ಅಂಚೆಗೆ ಹಾಕಿದ ಮುನ್ನೂರು ಪ್ರತಿಗಳು. ಪ್ರತಿಯೊಂದರಲ್ಲೂ ಅಂಚೆ, ಲಕೋಟೆ ಕಳೆದು 130ರಷ್ಟು ಉಳಿಯಿತು. ಉಳಿದವು ಗೌರವ ಪ್ರತಿಗಳಾಗಿ ಹೋದವು. ಒಟ್ಟಿನಲ್ಲಿ ಕೈಸೇರಿದ ಲಾಭ ಐದಾರು ಸಾವಿರವಷ್ಟೇ, ಆದರೆ ಕತೆಗಳ ಸಂಕಲನವೊಂದು ಕೈಕಚ್ಚಲಿಲ್ಲ ಎಂಬುದನ್ನು ಪತ್ತೇದಾರಿ ಬರೆಯುವ ನಮ್ಮ ವಲಯದವರು ನಂಬಬೇಕಾದರೆ ಲೆಕ್ಕ ಕೊಡಲೇಬೇಕಾಗುತ್ತದೆ. ಬಿಡುಗಡೆಗೆ ಮೊದಲು ಒಂದು ಕತೆಯ ಆರಂಭದ ಭಾಗವನ್ನು ಪಿಡಿಎಫ್ ಮಾಡಿ ಉಚಿತವಾಗಿ ಹಂಚಿದ್ದು ಈ ಬೇಡಿಕೆಗೆ ಕಾರಣ. ಹನ್ನೊಂದರಲ್ಲಿ ಯಾವುದನ್ನು ಹಂಚಿದೆ, ಎಲ್ಲಿಗೆ ಕತ್ತರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಇಂಥ ಕತೆಗಳಿಗಾಗಿ ನಾನು ಓದುವ ಹಳೆಯ ಮಹಜರುಗಳು ಎಲ್ಲಿಂದ ಬರುತ್ತವೆ ಎಂದೂ ದಯವಿಟ್ಟು ಕೇಳಬೇಡಿ.

ಎರಡನೆಯ ಮುದ್ರಣಕ್ಕೆ ಮುಖಪುಟದ ಮತ್ತು ಕರಡಿನ ಖರ್ಚು ಇಲ್ಲ, ಆದರೆ ಕಾಗದದ ದರ ಏರಿರುವುದರಿಂದ ಬೆಲೆಯನ್ನು 190 ಮಾಡಿದ್ದೇನೆ. ಮಹಜರಿನ ಕತೆಯನ್ನು ಮೂರನೆಯ ಸ್ಥಾನದಿಂದ ತೆಗೆದು ಹತ್ತನೆಯದಾಗಿ ಇಟ್ಟಿದ್ದೇನೆ. ಮಳಿಗೆಗಳಿಗೆ ಈ ಬಾರಿ ನಗದಿಲ್ಲದೆ ಪ್ರತಿ ಕೊಡುತ್ತಿಲ್ಲ.