ಮಕ್ಕಳ ತಪ್ಪಿನಿಂದಲೇ ಇಂಗ್ಲಿಷ್ ವ್ಯಾಕರಣ ಕಲಿಸುವ ಕ್ರಮ

ಕೊಡಗಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸಲು ತೊಡಗಿದ ಮೊದಲ ವರ್ಷ, ನಾನು ಹನ್ನೆರಡು ಮನೆಗಳ ಟೆನ್ಸ್ ಕೋಷ್ಟಕವನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ, ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಅದನ್ನು ತಡವರಿಸದೆ ಒಪ್ಪಿಸುತ್ತಿದ್ದ ಹುಡುಗಿಯೊಬ್ಬಳನ್ನು, ಅವಳು ಒಂದು ದಿನ ರಜೆ ಹಾಕಿ ಬಂದಾಗ, ಏಕೆ ಬರಲಿಲ್ಲವೆಂದು ಇಂಗ್ಲಿಷಿನಲ್ಲಿ ಕೇಳಿದೆ. 'ಯೆಸ್ಟರ್‌ಡೇ ಐ ಆಮ್ ನಾಟ್ ಕಮ್ ಸರ್, ಫೀವರ್' ಎಂದಳು. ಆಗ ನನಗೆ ಬೇಸರವಾಯಿತು. ಆದರೆ ಆ ವಾಕ್ಯವನ್ನು ಮತ್ತೆ ಮತ್ತೆ ಯೋಚಿಸಿದಾಗ ಅದರಲ್ಲೊಂದು ಲೆಕ್ಕಾಚಾರವಿರುವುದು ಕಂಡಿತು. ಕನ್ನಡದ 'ಬರಲಿಲ್ಲ' ಎಂಬ ಒಂದೇ ಪದದ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಡಿಡ್ ನಾಟ್ ಕಮ್' ಎಂಬ ಮೂರು ಪದಗಳು ಬೇಕು. ಅವಳ ಬಳಿ 'ನಾಟ್' ಇತ್ತು, 'ಕಮ್' ಇತ್ತು. ಉಳಿದ ಖಾಲಿ ಜಾಗಕ್ಕೆ ತನಗೆ ಪರಿಚಯವಿದ್ದ 'ಆಮ್' ಅನ್ನು ತಂದು ಕೂರಿಸಿದ್ದಳು. ಅಂದಿನಿಂದ ನಾನು ಪಾಠವನ್ನು ಚಾರ್ಟಿನಿಂದ ಆರಂಭಿಸದೆ ಮಕ್ಕಳ ತಪ್ಪಿನಿಂದ ಆರಂಭಿಸುತ್ತಿದ್ದೇನೆ. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಹಾಗಾಗಿ ಆರನೆಯ ತರಗತಿಗೆ ಬರುವ ಮಗುವಿಗೆ ಪದಗಳ ಬರವಿಲ್ಲ. ಪದಗಳನ್ನು ಎಲ್ಲಿ, ಯಾವ ರೂಪದಲ್ಲಿ ಇಡಬೇಕೆಂಬುದು ತಿಳಿದಿರುವುದಿಲ್ಲ. ಜೂನ್ ತಿಂಗಳ ಮೊದಲ ಎರಡು ವಾರ ಯಾವ ನಿಯಮವನ್ನೂ ಹೇಳದೆ, ಬೆಳಿಗ್ಗೆ ಎದ್ದಾಗಿನಿಂದ ಶಾಲೆ ತಲಪುವವರೆಗೆ ನಡೆದದ್ದನ್ನು ಐದು ವಾಕ್ಯಗಳಲ್ಲಿ ಬರೆಸಿ. ತಿದ್ದಬೇಡಿ. ತಪ್ಪುಗಳನ್ನು ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ಪದಗಳ ಕ್ರಮ, ಕ್ರಿಯಾಪದ, 'ಇನ್–ಆನ್–ಆಟ್', 'ಎ–ಆನ್–ದಿ' ಎಂಬ ನಾಲ್ಕು ಗುಂಪುಗಳಾಗಿ ಬರೆದಿಟ್ಟುಕೊಳ್ಳಿ. ಸ್ಪೆಲ್ಲಿಂಗ್ ತಪ್ಪುಗಳನ್ನು ಈ ಹಂತದಲ್ಲಿ ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ. ಯಾವ ಗುಂಪು ದೊಡ್ಡದೋ ಅಲ್ಲಿಂದ ಪಾಠ ಆರಂಭವಾಗಲಿ. ನನ್ನ ತರಗತಿಗಳಲ್ಲಿ ಅದು ಹೆಚ್ಚಾಗಿ ಪದಗಳ ಕ್ರಮವೇ ಆಗಿರುತ್ತದೆ.

ಪದಗಳ ಕ್ರಮಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಉಳಿದ ಬಹಳಷ್ಟು ಇದರ ಮೇಲೆಯೇ ನಿಂತಿದೆ. 'ಆನೆ ನಾಯಿಯನ್ನು ಓಡಿಸಿತು' ಎಂದು ಬೋರ್ಡಿನ ಮೇಲೆ ಬರೆಯಿರಿ. ಅದರ ಕೆಳಗೆ 'ನಾಯಿಯನ್ನು ಆನೆ ಓಡಿಸಿತು' ಎಂದು ಬರೆಯಿರಿ. ಅರ್ಥ ಬದಲಾಯಿತೇ ಎಂದು ಕೇಳಿದರೆ ಮಕ್ಕಳು ಇಲ್ಲವೆನ್ನುತ್ತಾರೆ, ಏಕೆಂದರೆ ಯಾರು ಯಾರನ್ನು ಓಡಿಸಿದರೆಂಬುದನ್ನು 'ಅನ್ನು' ಎಂಬ ಪ್ರತ್ಯಯವೇ ಹೇಳುತ್ತದೆ. ಈಗ 'ದಿ ಎಲಿಫೆಂಟ್ ಚೇಸ್ಡ್ ದಿ ಡಾಗ್' ಎಂದು ಬರೆದು, ಎರಡು ಪ್ರಾಣಿಗಳ ಜಾಗವನ್ನಷ್ಟೇ ಅದಲುಬದಲು ಮಾಡಿ. ನಾಯಿ ಆನೆಯನ್ನು ಓಡಿಸುತ್ತದೆ, ತರಗತಿ ನಗುತ್ತದೆ. ಕಾಡಾನೆ ತೋಟಕ್ಕೆ ಇಳಿಯುವುದನ್ನು ಬಲ್ಲ ನಮ್ಮ ಮಕ್ಕಳಿಗೆ ಈ ನಗು ಬೇಗ ಬರುತ್ತದೆ. ಇಂಗ್ಲಿಷಿನಲ್ಲಿ ಪ್ರತ್ಯಯದ ಕೆಲಸವನ್ನು ಜಾಗ ಮಾಡುತ್ತದೆ ಎಂಬ ಮಾತನ್ನು ಆ ನಗುವಿನ ಬೆನ್ನಲ್ಲೇ ಹೇಳಬೇಕು, ಅದಕ್ಕೆ ಮೊದಲಲ್ಲ.

ಮರುದಿನ ಅದನ್ನು ನಡೆದು ತೋರಿಸುವ ಆಟವಾಡಿಸಿ. ರಟ್ಟಿನ ತುಂಡುಗಳಲ್ಲಿ 'ಮೈ ಫಾದರ್', 'ಕಾಫಿ', 'ಪಿಕ್ಸ್' ಎಂದು ಬರೆದು ಮೂವರ ಕೈಗೆ ಕೊಟ್ಟು, ಮೊದಲು ಕನ್ನಡದ ಕ್ರಮದಲ್ಲಿ, ಅಂದರೆ 'ನನ್ನ ಅಪ್ಪ ಕಾಫಿ ಕೊಯ್ಯುತ್ತಾರೆ' ಎಂಬಂತೆ ನಿಲ್ಲಿಸಿ. ಕೊನೆಯಲ್ಲಿ ನಿಂತ ಕ್ರಿಯಾಪದದ ಮಗು ಎಲ್ಲರೂ ನೋಡುವಂತೆ ನಡೆದು ಬಂದು ಎರಡನೆಯ ಜಾಗದಲ್ಲಿ ನಿಲ್ಲಲಿ. ಬಳಿಕ 'ಇನ್ ದಿ ಎಸ್ಟೇಟ್' ಹಿಡಿದ ನಾಲ್ಕನೆಯ ಮಗುವನ್ನು ಕರೆದು, ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಲು ಬಿಡಿ. ಕನ್ನಡದಲ್ಲಿ 'ತೋಟದಲ್ಲಿ' ನಡುವೆ ಬರುವುದರಿಂದ ಆ ಮಗುವೂ ನಡುವೆಯೇ ನುಗ್ಗುತ್ತದೆ. ಉಳಿದವರು ಅದನ್ನು ಕೊನೆಗೆ ಕಳಿಸುತ್ತಾರೆ.

ಈ ಹೋಲಿಕೆಯನ್ನು ಕನ್ನಡದ ಮೂಲಕವೇ ಮಾಡುವಾಗ ಕೊಡಗಿನ ತರಗತಿಯಲ್ಲಿ ಒಂದು ಎಚ್ಚರ ಬೇಕು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮಾತನಾಡುವ ಮನೆಗಳ ಮಕ್ಕಳು ಕುಳಿತಿರುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವವರಲ್ಲಿ ಅಸ್ಸಾಮಿ ಆಡುವವರೂ ಇರಬಹುದು. ಈ ಎಲ್ಲ ಭಾಷೆಗಳಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುವುದರಿಂದ ಮೇಲಿನ ಆಟ ಎಲ್ಲರಿಗೂ ಸಲ್ಲುತ್ತದೆ. ಆದರೆ ಮುಂದೆ ಹೇಳುವ ಕ್ರಿಯಾಪದದ ರೂಪಗಳ ವಿಷಯ ಹಾಗಲ್ಲ. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ ಎಂದು ಆಳಿಗೊಂದು ರೂಪವಿದ್ದರೆ, ಮಲಯಾಳದಲ್ಲಿ ಯಾರು ಹೋದರೂ ಕ್ರಿಯಾಪದ ಒಂದೇ. ಆದ್ದರಿಂದ ಮಗುವಿನ ಮನೆಮಾತು ಯಾವುದೆಂದು ಹಾಜರಿ ಪುಸ್ತಕದ ಪಕ್ಕದಲ್ಲಿ ಗುರುತು ಮಾಡಿಕೊಂಡಿರುವುದು ಒಳ್ಳೆಯದು.

ಕ್ರಿಯಾಪದಕ್ಕೆ 'ಎಸ್' ಸೇರಿಸುವುದನ್ನು ಕಲಿಸುವಾಗ 'ಥರ್ಡ್ ಪರ್ಸನ್' ಎಂಬ ಹೆಸರನ್ನು ದೂರವಿಡಿ. ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿ 'ಅವನು, ಅವಳು' ಪ್ರಥಮ ಪುರುಷ. ಇಂಗ್ಲಿಷಿನವರಿಗೆ ಅದೇ ಮೂರನೆಯದು. ಎರಡನ್ನೂ ಒಂದೇ ವರ್ಷ ಕಲಿಯುವ ಮಗು ಗೊಂದಲಕ್ಕೆ ಬೀಳದಿದ್ದರೆ ಅದೇ ಆಶ್ಚರ್ಯ. ಬದಲಿಗೆ 'ಎಸ್' ಎಂದು ಬರೆದ ಒಂದೇ ಒಂದು ಚೀಟಿಯನ್ನು ತರಗತಿಗೆ ತನ್ನಿ. 'ಶಿ ಡ್ರಿಂಕ್ಸ್ ಮಿಲ್ಕ್' ಎಂಬಲ್ಲಿ ಚೀಟಿ 'ಡ್ರಿಂಕ್' ಹಿಡಿದ ಮಗುವಿನ ಕೈಯಲ್ಲಿರುತ್ತದೆ. ಪ್ರಶ್ನೆ ಕೇಳಬೇಕಾದಾಗ ಮುಂದೆ ಬಂದು ನಿಲ್ಲುವ 'ಡೂ' ಆ ಚೀಟಿಯನ್ನು ಕಸಿದುಕೊಂಡು 'ಡಸ್' ಆಗುತ್ತದೆ, 'ಡ್ರಿಂಕ್' ಬರಿಗೈಯಲ್ಲಿ ಉಳಿಯುತ್ತದೆ. ಚೀಟಿ ಒಂದೇ ಇರುವುದರಿಂದ 'ಡಸ್ ಶಿ ಡ್ರಿಂಕ್ಸ್' ಎಂದು ಹೇಳಲು ದಾರಿಯೇ ಇರುವುದಿಲ್ಲ. ಭೂತಕಾಲಕ್ಕೂ ಇದೇ ಉಪಾಯ ನಡೆಯುತ್ತದೆ: ಕಾಲದ ಗುರುತನ್ನು 'ಡಿಡ್' ಹೊತ್ತುಕೊಂಡ ಮೇಲೆ 'ಕೇಮ್' ಮತ್ತೆ 'ಕಮ್' ಆಗುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಗೆ ಆ ಕೋಷ್ಟಕ ಕೊಡದೆ ಉಳಿಸಿದ್ದು ಇಷ್ಟನ್ನೇ.

'ಇನ್, ಆನ್, ಆಟ್' ಕಷ್ಟವಾಗುವುದಕ್ಕೆ ಕಾರಣ, ಈ ಮೂರೂ ಕೆಲಸಗಳನ್ನು ಕನ್ನಡದ ಸಪ್ತಮಿ ವಿಭಕ್ತಿಯ 'ಅಲ್ಲಿ' ಒಂದೇ ನಿಭಾಯಿಸಬಲ್ಲದು. ಮಡಿಕೇರಿಯಲ್ಲಿ, ಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಂದು ನಾವು ಸಲೀಸಾಗಿ ಹೇಳುವುದನ್ನು ಇಂಗ್ಲಿಷ್ ಕ್ರಮವಾಗಿ 'ಇನ್', 'ಆನ್', 'ಆಟ್' ಎಂದು ಒಡೆಯುತ್ತದೆ. ಆವರಿಸಿಕೊಂಡಿರುವುದಕ್ಕೆ 'ಇನ್', ಮೈಗೆ ತಾಗಿರುವುದಕ್ಕೆ 'ಆನ್', ಗುರುತಿನ ಜಾಗಕ್ಕೆ 'ಆಟ್' ಎಂಬ ಮೂರು ಚಿತ್ರಗಳನ್ನು ಬರೆಸಿದರೆ ಈ ಹಂತಕ್ಕೆ ಸಾಕು. 'ಆನ್ ದಿ ಬಸ್' ಈ ಚಿತ್ರಕ್ಕೆ ಏಕೆ ಹೊಂದುವುದಿಲ್ಲವೆಂದು ಯಾರಾದರೂ ಕೇಳಿದರೆ, ಅದು ರೂಢಿ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಉತ್ತರ. 'ಎ' ಮತ್ತು 'ಆನ್' ಕಲಿಸಲು ನಮ್ಮ ಮಳೆಗಾಲವೇ ಉದಾಹರಣೆ ಒದಗಿಸುತ್ತದೆ. ಅಂಬ್ರೆಲಾ, ಯೂನಿಫಾರ್ಮ್ ಎರಡೂ 'ಯು' ಅಕ್ಷರದಿಂದಲೇ ಆರಂಭವಾದರೂ, ಬಾಗಿಲ ಬಳಿ ನೀರು ಸುರಿಸುತ್ತಿರುವುದು 'ಆನ್ ಅಂಬ್ರೆಲಾ', ಮೈಮೇಲೆ ಒದ್ದೆಯಾಗಿರುವುದು 'ಎ ಯೂನಿಫಾರ್ಮ್'. ನಿಯಮವು ಅಕ್ಷರಕ್ಕಲ್ಲ, ಬಾಯಿಂದ ಹೊರಡುವ ಸದ್ದಿಗೆ ಸಂಬಂಧಿಸಿದ್ದು ಎಂಬುದನ್ನು ಮಕ್ಕಳು ಇದರಿಂದ ತಾವಾಗಿಯೇ ಊಹಿಸುತ್ತಾರೆ.

ಮಳೆಯ ಮಾತು ಬಂದಿದ್ದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಲ್ಲಿ, ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹಿಂದಿನ ಬೆಂಚಿಗೆ ಶಿಕ್ಷಕರ ದನಿ ತಲಪುವುದಿಲ್ಲ. ಉಕ್ತಲೇಖನವಂತೂ ಸಾಧ್ಯವೇ ಇಲ್ಲ. ಅಂಥ ದಿನ ನಾಲ್ಕು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಎರಡು ನಿಮಿಷ ಓದಲು ಬಿಟ್ಟು, ಒರೆಸಿಬಿಡಿ. ಇಬ್ಬಿಬ್ಬರು ಸೇರಿ ನೆನಪಿನಲ್ಲಿ ಉಳಿದ ಪದಗಳಿಂದ ಅದೇ ವಿಷಯವನ್ನು ಮತ್ತೆ ಕಟ್ಟಲಿ. ವಾಕ್ಯಗಳು ಮೂಲದಂತೆಯೇ ಇರಬೇಕಾಗಿಲ್ಲ. 'ಇಲ್ಲಿ "ವಾಸ್" ಇತ್ತಲ್ಲ?' ಎಂದು ಅವರು ತಮ್ಮೊಳಗೆ ವಾದಿಸುವುದರಲ್ಲಿಯೇ ವ್ಯಾಕರಣದ ಕೆಲಸ ನಡೆಯುತ್ತಿರುತ್ತದೆ. ಆ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಹದಿನೆಂಟಕ್ಕೆ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವವರಿದ್ದರೆ, ಅದರ ವಿಧಾನವನ್ನು 'ವಾಷ್ ದಿ ಲೀವ್ಸ್', 'ಬಾಯ್ಲ್ ದಿ ಲೀವ್ಸ್', 'ಆಡ್ ಜ್ಯಾಗರಿ' ಎಂದು ಬರೆಸಬಹುದು. ಕ್ರಿಯಾಪದ ವಾಕ್ಯದ ತಲೆಗೇ ಬಂದು ನಿಲ್ಲುವ ಈ ರಚನೆ ಮಕ್ಕಳಿಗೆ ಬಹಳ ಸುಲಭ. ಭೂತಕಾಲದ ಬರವಣಿಗೆಗೆ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಜೆಯ ಮರುದಿನಕ್ಕಿಂತ ಒಳ್ಳೆಯ ದಿನವಿಲ್ಲ. ವೆಂಟ್, ಕೇಮ್, ಏಟ್, ಸಾ, ಗೇವ್ ಎಂಬ ಐದು ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಹಬ್ಬದ ಕಥೆಯ ಅರ್ಧಭಾಗ ನಡೆದುಹೋಗುತ್ತದೆ.

ತಿದ್ದುವಾಗ ಕೆಂಪು ಶಾಯಿಯನ್ನು ಮಿತವಾಗಿ ಬಳಸಿ. ಆ ವಾರ ಕಲಿಸಿದ ಒಂದು ಬಗೆಯ ತಪ್ಪಿಗೆ ಮಾತ್ರ ಅಡಿಗೆರೆ ಎಳೆದು, ಸರಿಯುತ್ತರವನ್ನು ನೀವೇ ಬರೆಯದೆ ನೋಟ್‌ಬುಕ್ ಹಿಂದಿರುಗಿಸಿ. ಉಳಿದ ತಪ್ಪುಗಳು ಕಣ್ಣಿಗೆ ಚುಚ್ಚಿದರೂ ಬಿಟ್ಟುಬಿಡಬೇಕು. ಪೋಷಕರು ಬಂದು 'ಸರ್, ಇದನ್ನೇಕೆ ತಿದ್ದಿಲ್ಲ?' ಎಂದು ಕೇಳಿದರೆ, ಅದು ಮುಂದಿನ ತಿಂಗಳ ಪಾಠವೆಂದು ಹೇಳಿ, ನಿಮ್ಮ ತಪ್ಪುಗಳ ನೋಟ್‌ಬುಕ್ ತೆರೆದು ತೋರಿಸಿ.