ಮನೆಯ ಹಳೆಯ ಪತ್ರಗಳು ಸಿಕ್ಕಾಗ: ಬಿಚ್ಚುವ ಕ್ರಮ, ಬರೆದವರನ್ನು ಗುರುತಿಸುವ ಬಗೆ

ಪೆಟ್ಟಿಗೆಯ ತಳದಲ್ಲಿ ದಾರ ಸುತ್ತಿದ ಪತ್ರಗಳ ಕಟ್ಟು ಸಿಕ್ಕರೆ ಕೂಡಲೇ ಬಿಚ್ಚಿ ಓದಬೇಕೆನಿಸುವುದು ಸಹಜ. ಆ ಆಸೆಯನ್ನು ಅರ್ಧ ಗಂಟೆ ತಡೆದುಕೊಳ್ಳಿ. ಕಟ್ಟಿಟ್ಟವರು ಯಾವ ಪತ್ರದ ಜೊತೆ ಯಾವುದನ್ನು ಇಟ್ಟಿದ್ದರು ಎಂಬುದೂ ಒಂದು ಸುಳಿವಾದ್ದರಿಂದ, ಮೊದಲು ಕಟ್ಟಿನ ಫೋಟೊ ತೆಗೆದು, ನಂತರ ಸಿಕ್ಕ ಕ್ರಮದಲ್ಲೇ ಪ್ರತಿ ಪತ್ರದ ಹಿಂಬದಿಯ ಮೂಲೆಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಸಂಖ್ಯೆ ಬರೆಯಿರಿ. ಲಕೋಟೆಯನ್ನು ಅದರ ಪತ್ರದಿಂದ ಅಗಲಿಸಬಾರದು. ಒಳಗೆ ತಾರೀಖು ಇಲ್ಲದಿದ್ದರೆ ಹೊರಗಿನ ಅಂಚೆ ಮುದ್ರೆಯೇ ಆಧಾರ.

ಕೈಗವಸು ಬೇಡ. ತೊಳೆದು ಚೆನ್ನಾಗಿ ಒರೆಸಿದ ಬರಿಗೈಯೇ ವಾಸಿ, ಏಕೆಂದರೆ ಬಟ್ಟೆಯ ಕೈಗವಸು ಹಾಕಿಕೊಂಡಾಗ ಹರಿದ ಅಂಚು ಬೆರಳಿಗೆ ತಿಳಿಯುವುದಿಲ್ಲ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ. ಹರಿದಲ್ಲಿ ಅಂಟುಟೇಪು ಹಚ್ಚಲೇಬೇಡಿ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದುಬಿಡುತ್ತದೆ. ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ ಹಳೆಯ ಶಾಯಿ ಕಾಲಕ್ರಮೇಣ ಕಂದುಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ, ತೇವ ತಗುಲಿದರೆ ಈ ಹಾನಿ ಇನ್ನೂ ಹೆಚ್ಚುತ್ತದೆ. ಬಳಿಕ ಎರಡೂ ಬದಿಗಳನ್ನು, ಖಾಲಿ ಇದ್ದರೂ, ಕನಿಷ್ಠ 300 ಡಿಪಿಐಯಲ್ಲಿ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿ. ಸಣ್ಣ ಅಕ್ಷರಗಳಿಗೆ 600 ಒಳ್ಳೆಯದು. ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಇದಕ್ಕೆ ಸಲ್ಲದು.

ಓದುವಾಗ ಮೂಲವನ್ನು ಬದಿಗಿಟ್ಟು ಪ್ರತಿಯನ್ನು ದೊಡ್ಡದು ಮಾಡಿಕೊಂಡು, ಕಂಡದ್ದನ್ನು ಕಂಡಂತೆ ನಕಲಿಸಿ. ಬರೆದವರ ಕಾಗುಣಿತದ ತಪ್ಪುಗಳನ್ನು ತಿದ್ದಬೇಡಿ, ಅವರ ಉಚ್ಚಾರಣೆ ಉಳಿದಿರುವುದು ಅಲ್ಲಿಯೇ.

ನಿಜವಾದ ಕಷ್ಟ ಶುರುವಾಗುವುದು ಸಹಿಯಲ್ಲಿ. 'ಇಂತಿ ನಿನ್ನ ಅಣ್ಣ' ಎಂದಿದ್ದ ಮೂರು ಪತ್ರಗಳನ್ನು ನಾನು ಬಹಳ ಕಾಲ ಅಜ್ಜನ ಒಡಹುಟ್ಟಿದ ಅಣ್ಣನವೆಂದೇ ನಂಬಿದ್ದೆ. ಅವು ಅಜ್ಜನ ದೊಡ್ಡಪ್ಪನ ಮಗನವು. ನಮ್ಮ ಭಾಷೆಯಲ್ಲಿ ಇಬ್ಬರೂ ಅಣ್ಣನೇ ತಾನೆ! ಆದ್ದರಿಂದ ಹೆಸರೂ ತಾರೀಖೂ ಸ್ಪಷ್ಟವಾಗಿರುವ ಒಂದು ಪತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡು, ತಲೆಕಟ್ಟು ಎಳೆಯುವ ರೀತಿ, ಒತ್ತಕ್ಷರದ ಬಾಲ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿ ತುಂಬಿಸುವ ಚಾಳಿ ಇವನ್ನೆಲ್ಲ ಉಳಿದವುಗಳೊಡನೆ ಹೋಲಿಸಿ ನೋಡಿ. ನನಗೆ ತಪ್ಪು ತಿಳಿದದ್ದು 'ಳ' ಅಕ್ಷರದ ಒಂದು ಸುರುಳಿಯಿಂದ. ತಾರೀಖಿಲ್ಲದ ಪತ್ರಕ್ಕೆ ಒಳಗಿನ ಸುದ್ದಿಯೇ ಕಾಲ ಹೇಳುತ್ತದೆ: 'ಮಗು ಈಗ ಗೋಡೆ ಹಿಡಿದು ನಡೆಯುತ್ತದೆ' ಎಂದಿದ್ದು, ಆ ಮಗು ಹುಟ್ಟಿದ ವರ್ಷ ಗೊತ್ತಿದ್ದರೆ, ಹೆಚ್ಚುಕಡಿಮೆ ಒಂದು ವರ್ಷ ಕೂಡಿಸಿದರಾಯಿತು. ಇಂಥ ಊಹೆಯನ್ನು ಊಹೆಯೆಂದೇ ಗುರುತು ಹಾಕಿಡಿ.

ಹಿರಿಯರ ಬಳಿ ಹೋದಾಗ 'ಇವರು ಯಾರು?' ಎಂದು ಕೇಳುವ ಬದಲು ಒಂದು ಪುಟವನ್ನು ಗಟ್ಟಿಯಾಗಿ ಓದಿ, ಅವರ ಒಪ್ಪಿಗೆಯಿಂದ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಹೆಸರು ಮರೆತವರಿಗೂ ಮಾತಿನ ಧಾಟಿ ನೆನಪಿರುತ್ತದೆ. ಸಾಲ, ಜಗಳ, ಕಾಯಿಲೆಯ ಸಂಗತಿಗಳಿದ್ದರೆ, ಹಂಚುವ ಮುನ್ನ ಬರೆದವರ ಮಕ್ಕಳನ್ನು ಕೇಳಬೇಕು.

ಮೂಲ ಪತ್ರಗಳನ್ನು ಆಮ್ಲರಹಿತ ಕಾಗದದ ಮಡಿಕೆಗಳಲ್ಲಿ, ಬಿಸಿಲು ಬೀಳದ, ತಂಪಾದ, ಒಣ ಜಾಗದಲ್ಲಿಡಿ. ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಕಟ್ಟಿನಲ್ಲಿರುವವು ಬಹುಪಾಲು ಬಂದ ಪತ್ರಗಳು. ಅವಕ್ಕೆ ಇಲ್ಲಿಂದ ಹೋದ ಉತ್ತರಗಳು ಬರೆದವರ ಮನೆಯ ಪೆಟ್ಟಿಗೆಯಲ್ಲಿ ಇರಬಹುದು. ಅವರ ಮಕ್ಕಳಿಗೆ ಒಂದು ಪ್ರತಿ ಕೊಟ್ಟು, ಕೇಳಿ ನೋಡಿ.